ಮರಳಿ ಬಂದವನ ಸ್ಥಾನ

ವರ್ಷದ ಬಹುಪಾಲು ದಿನಗಳಲ್ಲಿ ಲೆಕ್ಕ ಬರೆಯುತ್ತಲೋ ಯಂತ್ರ ನಡೆಸುತ್ತಲೋ ಇದ್ದು, ಕರೆ ಬಂದೊಡನೆ ಸೈನಿಕನಾಗುವವನು ಇಬ್ಬರಿಗೆ ಮಾತು ಕೊಟ್ಟವನು, ದೇಶಕ್ಕೊಂದು, ಧಣಿಗೊಂದು. ಮೊದಲನೆಯದನ್ನು ನಡೆಸಹೋಗಿ ಎರಡನೆಯದಕ್ಕೆ ತಪ್ಪಿದನೆಂದು ಅವನ ಜೀವನೋಪಾಯವನ್ನು ಕಳೆಯುವುದು ನ್ಯಾಯವೆ?

1948ರ ಕಾಯಿದೆಯಿಂದ ಏರ್ಪಟ್ಟು, 1949ರ ಅಕ್ಟೋಬರ್ 9ರಂದು ರಾಜಗೋಪಾಲಾಚಾರ್ಯರಿಂದ ಉದ್ಘಾಟಿತವಾದ ನಮ್ಮ ದೇಶದ ಟೆರಿಟೋರಿಯಲ್ ಆರ್ಮಿಯು ಬೇರೆ ಉದ್ಯೋಗವುಳ್ಳ ಪೌರರ ಸೈನ್ಯ. 1962, 1965, 1971ರ ಯುದ್ಧಗಳಲ್ಲಿ ಅದಕ್ಕೆ ಕರೆ ಬಂದಿತು. ಆ ಕಾಯಿದೆಗೆ ತರುವಾಯ ಸೇರಿದ 7-ಎ ಕಲಮಿನಂತೆ, ಹೀಗೆ ಹೋದ ನೌಕರನನ್ನು ಸೇವೆ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವುದು ಧಣಿಯ ಕರ್ತವ್ಯ. ಅದೂ, ಅವನು ಹೋಗದೆಯೇ ಇದ್ದಿದ್ದರೆ ಸಲ್ಲುತ್ತಿದ್ದುದಕ್ಕಿಂತ ಕಡಮೆಯಲ್ಲದ ಷರತ್ತುಗಳ ಮೇಲೆ. ಕರೆಯ ಆಜ್ಞೆ ಹೊರಟ ಮೇಲೆ ಅವಸರದಿಂದ ನೌಕರನನ್ನು ಬಿಡಿಸಿದ ಚತುರನಿಗೂ ಈ ಹೊಣೆ ತಪ್ಪದು. ಅವನ ಉದ್ದೇಶ ಕೆಟ್ಟದ್ದಲ್ಲವೆಂದು ಅವನೇ ರುಜುಪಡಿಸಬೇಕು.

‘ಹೋಗದೆಯೇ ಇದ್ದಿದ್ದರೆ’ ಎಂಬ ಮಾತಿನಲ್ಲಿಯೇ ವಿಷಯದ ತಿರುಳಿದೆ. 1946ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದನ್ನು ತಾನಾಗಿ ಏರುವ ಮೆಟ್ಟಿಲಿಗೆ ಹೋಲಿಸಿತು. ಮರಳಿದವನು ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತುವವನಲ್ಲ. ನಿಂತೇ ಇದ್ದಿದ್ದರೆ ಯಾವ ಎತ್ತರಕ್ಕೆ ತಲಪುತ್ತಿದ್ದನೋ ಅಲ್ಲಿಗೆ ಸಲ್ಲತಕ್ಕವನು. ಹಾಗಾದರೆ ಇದು ಶೌರ್ಯಕ್ಕೆ ಕೊಟ್ಟ ಬಹುಮಾನವಲ್ಲ, ಧಣಿಯ ಔದಾರ್ಯವಂತೂ ಅಲ್ಲ. ಅವನದನ್ನು ಅವನಿಗೆ ಬಿಡುವುದು, ಅಷ್ಟೆ.

ಆದರೆ ಧಣಿಯ ಪಕ್ಷವನ್ನೂ ಕೇಳಬೇಕು. ನೂರಾರು ಜನ ದುಡಿಯುವ ಗಿರಣಿಗೆ ಒಬ್ಬನ ಗೈರುಹಾಜರಿ ಲೆಕ್ಕಕ್ಕಿಲ್ಲ. ಇಬ್ಬರೇ ಆಳುಗಳಿರುವ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವನು ಹೋದರೆ ಅರ್ಧ ಕಸುಬೇ ನಿಂತಿತು. ಪುನಃ ಸೇರಿಸಿಕೊಳ್ಳಲಾಗದೆಂಬ ಸಂದರ್ಭದಲ್ಲಿ ಅಧಿಕಾರಿಯು ಧಣಿಗೆ ವಿನಾಯಿತಿ ಕೊಡಬಹುದು, ಅಥವಾ ಆರು ತಿಂಗಳ ಸಂಬಳಕ್ಕೆ ಮೀರದ ಪರಿಹಾರ ವಿಧಿಸಬಹುದು. ಈ ಮಿತಿ ಮಾತ್ರ ಸರಿತೋರದು. ಬಡ ಯಜಮಾನನಿಗೆ ದಂಡವಾಗುವ ಮೊತ್ತವೇ ಸಿರಿವಂತನಿಗೆ ಕರ್ತವ್ಯವನ್ನು ಕೊಂಡು ತೀರಿಸುವ ಅಗ್ಗದ ಬೆಲೆ. ರಕ್ಷಣೆ ಎಲ್ಲರದಾಗಿರುವಾಗ ಅದರ ವೆಚ್ಚ ಒಬ್ಬ ಅಂಗಡಿಕಾರನ ತಲೆಯ ಮೇಲೆ ಬೀಳುವುದೇಕೆ? ಬ್ರಿಟನ್ನಿನ 1996ರ ಮೀಸಲು ಪಡೆಗಳ ಕಾಯಿದೆಯು ಇಂಥ ಧಣಿಗಳ ನಷ್ಟಕ್ಕೆ ಸರ್ಕಾರವೇ ಹಣ ಕೊಡಲು ಎಡೆಮಾಡಿದೆ. ಅದು ಹೆಚ್ಚು ಪ್ರಾಮಾಣಿಕವಾದ ಮಾರ್ಗ.

ಇನ್ನೊಬ್ಬನನ್ನು ಎಲ್ಲರೂ ಮರೆಯುತ್ತಾರೆ: ಆ ಬರಿದಾದ ಸ್ಥಾನದಲ್ಲಿ ಎರಡು ವರ್ಷ ದುಡಿದ ಬದಲಿಯಾಳು. ಸೈನಿಕನು ಬಂದ ದಿನ ಅವನು ಏಳಬೇಕು. ಇದು ಬದಲಿಯ ಕೆಲಸವೆಂದು ಮೊದಲ ದಿನವೇ ಅವನಿಗೆ ತಿಳಿಸಿದ್ದರೆ ಅನ್ಯಾಯವಿಲ್ಲ. ಖಾಯಂ ಆಗುವುದೆಂಬ ಆಸೆ ತೋರಿಸಿ ದುಡಿಸಿಕೊಂಡಿದ್ದರೆ, ಅವನಿಗೆ ಉತ್ತರ ಹೇಳಬೇಕಾದವನು ಸೈನಿಕನಲ್ಲ, ಧಣಿ.