ಕಂಡದ್ದನ್ನು ಹೇಳಬೇಕೆ?

ಮಕ್ಕಳ ಅಂಕಪಟ್ಟಿಯನ್ನು ಮೊದಲು ಯಾರ ಕೈಗೆ ಕೊಡಬೇಕು ಎಂಬ ಚರ್ಚೆ ಒಮ್ಮೆ ನಮ್ಮ ಶಾಲೆಯಲ್ಲಿ ನಡೆದಿತ್ತು. ಮಕ್ಕಳ ಕೈಗೆ ಕೊಟ್ಟರೆ ಕೆಲವರು ಮನೆಯಲ್ಲಿ ತೋರಿಸುವುದೇ ಇಲ್ಲ, ತಂದೆತಾಯಿಯರನ್ನು ಕರೆಸಿ ಕೊಡೋಣ ಎಂದರು ಕೆಲವು ಸಹೋದ್ಯೋಗಿಗಳು. ನಾನು ಒಪ್ಪಲಿಲ್ಲ. ಪರೀಕ್ಷೆ ಬರೆದದ್ದು ಮಗು. ತಾನು ಎಲ್ಲಿ ನಿಂತಿದ್ದೇನೆಂದು ಮೊದಲು ತಿಳಿಯಬೇಕಾದದ್ದೂ ಅದೇ ಎಂದು ವಾದಿಸಿದೆ. ಅಂದು ನನ್ನ ಮಾತೇ ಗೆದ್ದಿತು. ಅಂಥ ನಾನೇ ನನ್ನ ಸ್ವಂತ ಅಕ್ಕನ ವಿಷಯದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆ.

2022ರಲ್ಲಿ ಅಕ್ಕನ ಕತ್ತಿನ ಪಕ್ಕದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ಊರಿನ ವೈದ್ಯರು ಕೊಟ್ಟ ಮಾತ್ರೆಗೆ ಕರಗದಿದ್ದಾಗ ಬೆಂಗಳೂರಿಗೆ ಕರೆತಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಿದೆವು. ಹಾಡ್ಜ್‌ಕಿನ್ ಲಿಂಫೋಮ ಎಂದು ಬಂತು. ದುಗ್ಧಗ್ರಂಥಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರ್. ಅವಳ ಮಗ ನನ್ನ ಕೈ ಹಿಡಿದುಕೊಂಡು, "ಚಿಕ್ಕಮ್ಮ, ಅಮ್ಮನಿಗೆ ಹೇಳೋದು ಬೇಡ. ಆ ಹೆಸರು ಕೇಳಿದ್ರೆ ಅರ್ಧ ಜೀವ ಹೋಗುತ್ತೆ" ಎಂದ. ಭಾವನೂ ಅದನ್ನೇ ಹೇಳಿದರು. ನಾನು ಓದಿದವಳು, ಫೈಲು ಇಟ್ಟುಕೊಳ್ಳುವ ಕೆಲಸ ನನಗೆ ಬಂತು. ಅಕ್ಕನಿಗೆ ಹೇಳಿದ್ದು ಇಷ್ಟೇ: "ಎಂಥದೋ ಸೋಂಕು ಕಣೇ. ಎಲ್ಲಾ ಸರಿಯಾಗುತ್ತೆ."

ಚಿಕಿತ್ಸೆಗೆ ಮೊದಲು ಪೆಟ್ ಸ್ಕ್ಯಾನ್ ಆಗಬೇಕೆಂದರು. ನಾನು ಬಿ.ಎ. ಓದಿ ಸಮಾಜ ಪಾಠ ಹೇಳುವವಳು. ನಮ್ಮ ವಿಜ್ಞಾನದ ಮೇಡಂ ಬಳಿ ಕುಳಿತು ಅದೇನೆಂದು ತಿಳಿದುಕೊಂಡೆ. ಎಕ್ಸ್‌ರೇ, ಸಿ.ಟಿ.ಗಳು ದೇಹದ ಆಕಾರವನ್ನು ತೋರಿಸುತ್ತವೆ. ಪೆಟ್ ದೇಹದ ಹಸಿವನ್ನು ತೋರಿಸುತ್ತದೆ. ಅನೇಕ ಕ್ಯಾನ್ಸರ್ ಜೀವಕೋಶಗಳು ಸಕ್ಕರೆಯನ್ನು ಮಿತಿಮೀರಿ ಕಬಳಿಸುತ್ತವೆ ಎಂಬುದನ್ನು ಜರ್ಮನಿಯ ಓಟೋ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡುಕೊಂಡಿದ್ದ. ಗ್ಲೂಕೋಸಿನಂಥದೇ ಒಂದು ಸಕ್ಕರೆಗೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ರಕ್ತಕ್ಕೆ ಬಿಟ್ಟರೆ, ಎಲ್ಲೆಲ್ಲಿ ಹಸಿವು ಹೆಚ್ಚೋ ಅಲ್ಲೆಲ್ಲ ಅದು ಹೋಗಿ ಸೇರುತ್ತದೆ. ಯಂತ್ರ ಆ ಜಾಗಗಳನ್ನು ಹೊಳೆಯುವ ಚುಕ್ಕೆಗಳಾಗಿ ತೋರಿಸುತ್ತದೆ. ಈ ಸಕ್ಕರೆಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಅದೂ ಮಿದುಳನ್ನು ನೋಡಲೆಂದು. ನಮ್ಮ ದೇಶಕ್ಕೆ ಪೆಟ್ ಬಂದದ್ದು 2002ರಲ್ಲಿ, ಮುಂಬಯಿಗೆ. ಆ ಫ್ಲೋರಿನ್ನಿನ ಆಯುಷ್ಯವೂ ವಿಚಿತ್ರ. ಪ್ರತಿ 110 ನಿಮಿಷಕ್ಕೆ ಅರ್ಧದಷ್ಟು ಕರಗಿಹೋಗುತ್ತದೆ. ಕರೆದಿಟ್ಟು ನಾಳೆಗೆ ಉಳಿಸಿಕೊಳ್ಳಲಾಗದ ಹಾಲಿನಂತೆ, ಅಂದು ತಯಾರಿಸಿದ್ದು ಅಂದೇ ಬಳಕೆಯಾಗಬೇಕು.

ಆರು ಗಂಟೆ ಏನೂ ತಿನ್ನಬಾರದು ಎಂದಾಗ ಅಕ್ಕ ನಕ್ಕಳು. ವರ್ಷವರ್ಷ ಶಿವರಾತ್ರಿಗೆ ನಿರಾಹಾರ ಮಾಡುವವಳಿಗೆ ಅದು ಯಾವ ಲೆಕ್ಕ? ಸೂಜಿ ಚುಚ್ಚಿದ ಮೇಲೆ ಒಂದು ಗಂಟೆ ಒಂಟಿ ಕೋಣೆಯಲ್ಲಿ ಮಲಗಿಸಿದರು. ಮಾತಾಡಬಾರದು, ಓಡಾಡಬಾರದು, ಕೆಲಸ ಮಾಡಿದ ಸ್ನಾಯುಗಳೂ ಸಕ್ಕರೆಯನ್ನು ಎಳೆದುಕೊಂಡುಬಿಡುತ್ತವೆಯಂತೆ. ಅಂದು ಪೂರ್ತಿ ಮೊಮ್ಮಗುವನ್ನು ಎತ್ತಿಕೊಳ್ಳಬೇಡಿ ಎಂದೂ ಹೇಳಿ ಕಳಿಸಿದರು. ಅದಕ್ಕೂ ನಾವೊಂದು ಸುಳ್ಳು ಹೊಂದಿಸಿದೆವು. ಆಮೇಲೆ ಔಷಧಿ ಏರಿಸಿ ಕೂದಲು ಉದುರತೊಡಗಿದಾಗ ಔಷಧಿಯ ಉಷ್ಣ ಎಂದೆವು. ಒಂದು ಸುಳ್ಳಿಗೆ ಇನ್ನೊಂದು ಆಸರೆ, ಅದಕ್ಕೆ ಮತ್ತೊಂದು. ಇಷ್ಟಾಗಿಯೂ ನಾವು ತಪ್ಪು ಮಾಡುತ್ತಿದ್ದೇವೆ ಎಂದು ನನಗೆ ಅನಿಸಲಿಲ್ಲ. ಪ್ರೀತಿಯಿಂದ ಹೇಳಿದ ಸುಳ್ಳು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಎರಡು ತಿಂಗಳ ಚಿಕಿತ್ಸೆಯಾದ ಮೇಲೆ ಮತ್ತೆ ಪೆಟ್ ಮಾಡಿದರು. ಈ ಎರಡನೆಯ ಚಿತ್ರದ ಮಹತ್ವವೇ ಬೇರೆ. ರೋಗ ಇದೆಯೇ ಎಂಬುದಕ್ಕಿಂತ ಔಷಧಿಗೆ ಅದು ಬಗ್ಗುತ್ತಿದೆಯೇ ಎಂದು ನೋಡುವುದು ಇಲ್ಲಿ ಮುಖ್ಯ. ಗಂಟಿನ ಹೊಳಪನ್ನು ಅದೇ ರೋಗಿಯ ಯಕೃತ್ತಿನ ಹೊಳಪಿನೊಂದಿಗೆ ಹೋಲಿಸುತ್ತಾರೆ; ಅವರವರ ದೇಹವೇ ಅವರವರಿಗೆ ಅಳತೆಗೋಲು. ಹೊಳಪು ಅದಕ್ಕಿಂತ ಮೀರದಿದ್ದರೆ ಔಷಧಿಯ ಭಾರವನ್ನು ಇಳಿಸಬಹುದು. ನಾಲ್ಕು ಔಷಧಿಗಳಲ್ಲಿ ಬ್ಲಿಯೋಮೈಸಿನ್ ಎಂಬುದು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಎರಡನೆಯ ಚಿತ್ರ ತಿಳಿಯಾಗಿದ್ದವರಿಗೆ ಅದನ್ನು ಬಿಟ್ಟು ಚಿಕಿತ್ಸೆ ಮುಂದುವರಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿರುತ್ತದೆ, ಶ್ವಾಸಕೋಶಕ್ಕೆ ಆಗುವ ತೊಂದರೆಯೂ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ತೋರಿಸಿತ್ತು. ಇನ್ನಷ್ಟು ಕೊಡಿ ಎನ್ನುವುದಕ್ಕಷ್ಟೇ ಅಲ್ಲ, ಇಷ್ಟು ಸಾಕು ಎನ್ನುವುದಕ್ಕೂ ಯಂತ್ರ ಬೇಕಾಯಿತಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಅಕ್ಕನ ಚಿತ್ರ ತಿಳಿಯಾಗಿತ್ತು. ಒಂದು ಔಷಧಿ ನಿಲ್ಲಿಸೋಣ ಎಂದರು ವೈದ್ಯರು. ಅವಳ ಮಗ ಹೊರಗೆ ಬಂದು ಗೋಡೆಗೆ ಮುಖ ಕೊಟ್ಟು ಅತ್ತುಬಿಟ್ಟ. ನನ್ನ ಕಣ್ಣೂ ತುಂಬಿತ್ತು. ಬೆಂಚಿನ ಮೇಲೆ ಕುಳಿತಿದ್ದ ಅಕ್ಕನ ಬಳಿಗೆ ಓಡಿದಂತೆ ಹೋದೆ.

"ಏನಂತೆ?" ಎಂದಳು.

"ಎಲ್ಲಾ ಸರಿಯಾಗಿದೆಯಂತೆ ಕಣೇ!"

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಮೊದಲಿಂದಲೂ ಅದನ್ನೇ ಹೇಳ್ತಿದ್ದೀಯಲ್ಲ" ಎಂದು ಸೆರಗು ಸರಿಪಡಿಸಿಕೊಂಡು ಎದ್ದಳು.

ಆ ಮಾತು ನನ್ನನ್ನು ಇರಿಯಿತು. ಅತ್ಯಂತ ಕೆಟ್ಟ ದಿನವೂ ನಾನು ಆಡಿದ್ದು ಅದೇ ಮಾತು, ಅತ್ಯಂತ ಒಳ್ಳೆಯ ದಿನವೂ ಅದೇ ಮಾತು. ಬಂದ ರೋಗವನ್ನು ಬಚ್ಚಿಟ್ಟವರು ಅದು ಇಳಿಯುತ್ತಿದೆ ಎಂಬ ಸುದ್ದಿಯನ್ನು ಹೇಗೆ ಕೊಡುವುದು? ದುಃಖವೊಂದನ್ನೇ ಅವಳಿಂದ ಮುಚ್ಚಿಟ್ಟೆವು ಎಂದುಕೊಂಡಿದ್ದೆ. ಅದರ ಜೊತೆಗೆ ಸಂತೋಷವನ್ನೂ ಮುಚ್ಚಿಟ್ಟಿದ್ದೆವು. ಆ ಚಿತ್ರ ಅವಳ ದೇಹದ್ದು, ಗೆಲುವು ಅವಳ ದೇಹದ್ದು. ಅತ್ತು ಹಗುರಾದವರು ನಾವು.

ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅವಳ ಪಕ್ಕದಲ್ಲಿ ಕುಳಿತು, "ಅಕ್ಕ, ನಿನಗೊಂದು ವಿಷಯ ಹೇಳಬೇಕು" ಎಂದೆ. ಅವಳು ತಡೆದಳು. "ಆಸ್ಪತ್ರೆ ಬೋರ್ಡು ಓದೋಕೆ ನನಗೂ ಬರುತ್ತೆ ಕಣೇ. ನಿನ್ನಷ್ಟು ಓದಿಲ್ಲ ಅಷ್ಟೆ. ಆ ಕೋಣೇಲಿ ಒಂದು ಗಂಟೆ ಒಬ್ಬಳೇ ಮಲಗಿದ್ದಾಗ ಎಲ್ಲಾ ಯೋಚನೆ ಮಾಡಿಬಿಟ್ಟೆ. ನೀವೆಲ್ಲ ಅಷ್ಟು ಹೆದರಿದ್ದಿರಿ, ನಾನೂ ಬಾಯಿಬಿಟ್ಟರೆ ನಿಮ್ಮನ್ನು ಹಿಡಿಯೋರು ಯಾರು ಅಂತ ಸುಮ್ಮನಿದ್ದೆ."

ಅವಳನ್ನು ಕಾಪಾಡುತ್ತಿದ್ದೇವೆಂದು ನಾವು ಬೀಗುತ್ತಿದ್ದಾಗ ಅವಳು ನಮ್ಮನ್ನು ಕಾಪಾಡುತ್ತಿದ್ದಳು. ಅಷ್ಟು ದಿನ ಭಯವನ್ನು ಒಬ್ಬಳೇ ನುಂಗಿಕೊಂಡಿದ್ದಳು. ನಾವು ಕಡಿಮೆ ಮಾಡಿದ್ದು ಅವಳ ಭಯವನ್ನಲ್ಲ, ಭಯವನ್ನು ಹಂಚಿಕೊಳ್ಳಲು ಇದ್ದ ಜನರನ್ನು.

ಫೈಲು ತಂದು ಎರಡೂ ಚಿತ್ರಗಳನ್ನು ದೀಪದ ಕೆಳಗೆ ಹಿಡಿದೆ. ಮೊದಲನೆಯದರಲ್ಲಿ ಕತ್ತು, ಎದೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು. ಎರಡನೆಯದರಲ್ಲಿ ಆ ಜಾಗ ಖಾಲಿ. ಅಕ್ಕ ಬೆರಳಿಟ್ಟು ನೋಡುತ್ತಿದ್ದವಳು ಗಾಬರಿಯಾಗಿ, "ಅಯ್ಯೋ, ತಲೆ ತುಂಬ ಉರೀತಿದೆಯಲ್ಲೇ!" ಎಂದಳು. ಮಿದುಳು ಯಾವಾಗಲೂ ಸಕ್ಕರೆ ತಿನ್ನುತ್ತಲೇ ಇರುತ್ತದೆ, ಎಲ್ಲರ ತಲೆಯೂ ಹಾಗೇ ಹೊಳೆಯುತ್ತದೆ, ಮೂತ್ರಕೋಶವೂ ಅಷ್ಟೇ ಎಂದು ವಿವರಿಸಿದೆ. "ಸದ್ಯ, ತಲೇಲಿ ಏನೋ ಇದೆ ಅಂತ ಯಂತ್ರವಾದರೂ ಒಪ್ಪಿತು" ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ಮನಬಿಚ್ಚಿ ನಕ್ಕದ್ದು ಅಂದು.

ಇದನ್ನು ಹೇಳಿದಾಗ ಗೆಳತಿಯೊಬ್ಬರು, "ನಿಮ್ಮಕ್ಕನಿಗೆ ಒಳ್ಳೆಯ ಸುದ್ದಿ ಬಂತು, ಹೇಳಿದಿರಿ. ಚಿತ್ರ ಕೆಟ್ಟದಾಗಿ ಬಂದಿದ್ದರೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 1895ರಲ್ಲಿ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದಾಗ, ಉಂಗುರ ತೊಟ್ಟ ಮೂಳೆಗಳನ್ನು ಕಂಡ ಆಕೆ ತನ್ನ ಸಾವನ್ನೇ ನೋಡಿದೆನೆಂದು ಬೆಚ್ಚಿದಳೆಂದು ಹೇಳುತ್ತಾರೆ. ಒಳಗನ್ನು ನೋಡುವ ಧೈರ್ಯ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ. ನನಗೆ ತಿಳಿಯುವುದು ಬೇಡ, ನೀವೇ ನೋಡಿಕೊಳ್ಳಿ ಎನ್ನುವವರೂ ಇದ್ದಾರೆ. ಅದೂ ಅವರ ಹಕ್ಕೇ. ಆದರೆ ಬೇಡ ಎಂದು ಅವರು ಹೇಳುವುದು ಬೇರೆ, ಅವರಿಗೆ ಬೇಡವೆಂದು ನಾವು ತೀರ್ಮಾನಿಸುವುದು ಬೇರೆ. ನಮ್ಮ ಮನೆಗಳಲ್ಲಿ ಹೆಂಗಸರ ವಿಷಯದಲ್ಲಿ ಈ ಎರಡನೆಯದೇ ಹೆಚ್ಚು. ಅವಳ ಮದುವೆ, ಅವಳ ಹೆರಿಗೆ, ಅವಳ ಆಪರೇಷನ್ ಎಲ್ಲವೂ ಪಡಸಾಲೆಯಲ್ಲಿ ನಿರ್ಧಾರವಾಗಿ ಕೊನೆಗೆ ಅಡುಗೆಮನೆಗೆ ತಲುಪುತ್ತವೆ.

ಚಿತ್ರವೇ ಪೂರ್ಣ ಸತ್ಯವೂ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ. ಕ್ಷಯದ ಗಂಟೂ, ಸೋಂಕಾದ ಗಾಯವೂ ಹೊಳೆಯುತ್ತವೆ. ತೀರಾ ಸಣ್ಣದು ಕಾಣದೆಯೂ ಉಳಿಯಬಹುದು. ಹೀಗಿರುವಾಗ ಹೇಳುವುದೆಂದರೆ ತೀರ್ಪು ಓದುವುದಲ್ಲ. "ನಿನಗೆ ಎಷ್ಟು ತಿಳಿಯಬೇಕು ಅನಿಸುತ್ತೆ?" ಎಂದು ಮೊದಲು ಕೇಳುವುದು, ಅವರು ಕೈಚಾಚಿದಷ್ಟನ್ನು ಕೊಡುವುದು, ಕೊಟ್ಟ ಮೇಲೆ ಪಕ್ಕದಲ್ಲಿ ಕುಳಿತಿರುವುದು. ಕೆಟ್ಟ ಚಿತ್ರ ಬಂದಿದ್ದರೂ ನಾನು ಮಾಡಬೇಕಾಗಿದ್ದುದು ಇದನ್ನೇ. ಮಾಡುತ್ತಿದ್ದೆನೆ? ಖಂಡಿತವಾಗಿ ಹೌದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಮಾಡದಿದ್ದರೆ ಅದಕ್ಕೆ ಪ್ರೀತಿ ಎಂಬ ಹೆಸರನ್ನಂತೂ ಇನ್ನು ಕೊಡಲಾರೆ. ಅದು ನನ್ನ ಅಂಜಿಕೆ.

ಅಕ್ಕನ ಚಿಕಿತ್ಸೆ ಮುಗಿಯಿತು. ಈಗ ಆಗಾಗ ತಪಾಸಣೆಗೆ ಬರುತ್ತಾಳೆ. ಪ್ರತಿ ಸಲವೂ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಇಬ್ಬರಿಗೂ. ಆದರೆ ಎದ್ದು ಕುಳಿತು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಬೆಳಿಗ್ಗೆ ಹೊರಡುವಾಗ ಫೈಲು ಅವಳ ಕೈಯಲ್ಲೇ ಇರುತ್ತದೆ. ವೈದ್ಯರ ಕೋಣೆಗೆ ಮೊದಲು ಹೋಗುವವಳೂ ಅವಳೇ.