ಒಂದು ತಾಸಿನ ಕಲಿಕೆ

ವಿದ್ಯೆ ಬೇರೆ, ವಿನೋದ ಬೇರೆ ಎಂದು ನಮ್ಮ ಹಿರಿಯರು ಬಗೆದಿದ್ದರು. ಈಗಿನ ಪ್ರವಾಸಗಳಲ್ಲಿ ಇವೆರಡರ ನಡುವಿನ ಗೆರೆಯು ಅಳಿಸಿದಂತೆ ತೋರುವದು. ಜಪಾನ ದೇಶದ ಕ್ಯೋಟೋ ಪಟ್ಟಣಕ್ಕೆ ಸಂಸಾರಸಮೇತರಾಗಿ ಹೋದವರು ಅಲ್ಲಿಯ ಕುಶಲಕರ್ಮಿಗಳ ಮುಂದೆ ಹಣ ಕೊಟ್ಟು ಒಂದೆರಡು ತಾಸು ಕುಳಿತು, ಕರವಸ್ತ್ರವನ್ನು ನೀಲಿಯಲ್ಲಿ ಅದ್ದಿ, ಮಣ್ಣಿನ ಬಟ್ಟಲನ್ನು ತಿದ್ದಿ, 'ಕಲಿತೆವು' ಎನ್ನುತ್ತ ಮರಳುವರು. ಇದು ಕಲಿಕೆಯೇ? ಒಬ್ಬನ ಜೀವಮಾನದ ಸಾಧನೆಯನ್ನು ಆಟಿಕೆ ಮಾಡಿದ ದೋಷವು ಇದರಲ್ಲಿ ಇಲ್ಲವೇ? ವಿಚಾರಿಸತಕ್ಕ ಮಾತು.

ಇದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಮುದ್ದೇಬಿಹಾಳದಿಂದ ತೆಂಕಣಕ್ಕೆ ಹೊರಟು, ಕೃಷ್ಣೆಯನ್ನು ದಾಟಿ, ಹುನಗುಂದದ ಮೇಲೆ ಹಾಯ್ದರೆ ಇಳಕಲ್ಲು ದೊರೆಯುವದು. ಮನೆಮಂದಿಯೆಲ್ಲ ಅಲ್ಲಿಗೆ ಹೋದಾಗ ನೇಕಾರರೊಬ್ಬರು ನನ್ನ ಮೊಮ್ಮಗಳನ್ನು ಕುಣಿಮಗ್ಗದಲ್ಲಿ ಕುಳ್ಳಿರಿಸಿದರು. ಕಾಲು ತುಳಿದರೆ ಕೈ ಮರೆಯುವದು; ಲಾಳಿ ಸರಿದರೆ ಕಾಲು ತಪ್ಪುವದು. ಅರ್ಧ ತಾಸಿನಲ್ಲಿ ಬೆರಳಗಲದ ಬಟ್ಟೆಯೂ ನೆಟ್ಟಗೆ ಬರಲಿಲ್ಲ. ಹಾಸಿನ ಎಳೆಗಳು ಮಾತ್ರ ಹರಿದವು. ಆ ನೇಕಾರರು ಮುಖ ಸಿಂಡರಿಸದೆ ಅವನ್ನು ಒಂದೊಂದಾಗಿ ಗಂಟಿಕ್ಕತೊಡಗಿದರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಕೈಯಿಂದಲೇ ಕೊಂಡಿ ಹಾಕಿ ಕೂಡಿಸುವರು. ಅಂಥ ಕೈಗಳು ನಮ್ಮ ವಿನೋದದ ಹರುಕನ್ನು ಹೊಲಿಯುತ್ತಿದ್ದವು. ಆ ಹೊತ್ತಿನ ಕೂಲಿಯನ್ನು ಅವರಿಗೆ ಯಾರು ಕೊಡಬೇಕು?

ಅತ್ತ ಪಡಸಾಲೆಯಲ್ಲಿ ಅವರ ಮನೆಯಾಕೆಯು ಸೀರೆಗಳನ್ನು ಬಿಚ್ಚಿ ತೋರಿಸುತ್ತಿರಲು, ನಾನು ಬೆಲೆಗೆ ಚೌಕಾಶಿ ಮಾಡಿದೆನು. 'ಯಂತ್ರದ ಸೀರೆಯು ಇದಕ್ಕಿಂತ ಅಗ್ಗವಲ್ಲವೇ?' ಎಂದೂ ಅಂದೆನು. ಮೊಮ್ಮಗಳು ನನ್ನ ಕಿವಿಯ ಬಳಿಗೆ ಬಂದು, "ಅಜ್ಜಾ, ನಾ ಹರದ ಎಳಿ ಅವರು ಇನ್ನೂ ಕಟ್ಟಾಕತ್ತಾರ" ಎಂದಳು. ನಾನು ಹೇಳಿದ ಬೆಲೆಯನ್ನು ಕೊಟ್ಟು ತಲೆ ತಗ್ಗಿಸಿ ಹೊರಬಿದ್ದೆನು.

ವಿದ್ಯೆಯಿಂದ ವಿನಯ ಹುಟ್ಟುವದೆಂದು ಪಾಠಶಾಲೆಯಲ್ಲಿ ಕಲಿತು, ಅದನ್ನೇ ಹಲವು ವರ್ಷ ಕಲಿಸಿದವನು ನಾನು. ಆ ದಿನ ಮಗುವಿಗೆ ವಿದ್ಯೆ ಬರಲಿಲ್ಲ, ವಿನಯ ಬಂದಿತು. ನನಗೆ ವಿದ್ಯೆಯಿದ್ದೂ ಅದು ಬಂದಿರಲಿಲ್ಲ. ಒಂದು ತಾಸಿನ ಕಲಿಕೆಯು ಕಸುಬನ್ನು ಕೊಡಲಾರದು. ನಮ್ಮ ಕೈಯ ಅಸಾಮರ್ಥ್ಯವನ್ನು ನಮಗೆ ತೋರಿಸಿಕೊಡಬಲ್ಲದು. ಅಷ್ಟನ್ನು ತಿಳಿದು ಮರಳಿದವನಿಗೆ ದೋಷವಿಲ್ಲ. ಸೊಟ್ಟ ಬಟ್ಟಲನ್ನು ನೆರೆಹೊರೆಯವರಿಗೆ ತೋರಿಸಿ ಹೆಮ್ಮೆಪಟ್ಟು, ಮರುದಿನವೇ ಕುಂಬಾರನೊಡನೆ ನಾಲ್ಕು ಕಾಸಿಗೆ ಜಗಳಾಡುವವನಿಗೆ ಆ ತಾಸು ವ್ಯರ್ಥ, ಕುಶಲಿಗೆ ಅಪಮಾನ.

ಜಪಾನವು ಪ್ರಾಚೀನ ವಸ್ತುಗಳಂತೆ ಕೌಶಲವನ್ನೂ ರಾಷ್ಟ್ರದ ಸಂಪತ್ತೆಂದು 1950ರ ಕಾಯಿದೆಯಲ್ಲಿ ಎಣಿಸಿತು. ನಮ್ಮಲ್ಲಿಯೂ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯು 1985ರಲ್ಲಿ ಆಯಿತು. ಆದರೆ ಕೊಳ್ಳುವವನ ಮನಸ್ಸನ್ನು ಯಾವ ಕಾಯಿದೆಯೂ ತಿದ್ದಲಾರದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಯವರಾದ ನಮ್ಮ ನಾಲಗೆಯ ಮೇಲೆ ಕಾಯಕವೆಂಬ ಮಾತು ಸದಾ ಇರುವದು. ಆ ಮಾತಿನ ಪರೀಕ್ಷೆಯು ವೇದಿಕೆಯ ಮೇಲಲ್ಲ, ನೇಕಾರನ ಪಡಸಾಲೆಯಲ್ಲಿ, ಬೆಲೆ ಕೇಳಿದ ಮರುಗಳಿಗೆಯಲ್ಲಿ ಆಗುವದು.