ಅರೆ ರಕ್ಷಣೆ, ಪೂರ್ಣ ಹೊಣೆ

ಪೂರ್ಣ ರಕ್ಷಣೆ ನೀಡದ ಲಸಿಕೆಯನ್ನು ಹಾಕಿಸಿಕೊಳ್ಳಿರೆಂದು ಜನರಿಗೆ ಉಪದೇಶಿಸುವುದು ನ್ಯಾಯವೇ? ಹಾಗೆ ಉಪದೇಶಿಸುವವರು ಅದರ ಕೊರತೆಯನ್ನೂ ತಿಳಿಸಬೇಕೇ ಅಥವಾ ಜನರು ಹಿಂಜರಿದಾರೆಂದು ಮುಚ್ಚಿಡಬೇಕೇ? ನಮ್ಮ ಮಲೆನಾಡಿನ ಮಂಗನ ಕಾಯಿಲೆಯು ಈ ಪ್ರಶ್ನೆಯನ್ನು ದಶಕಗಳಿಂದ ನಮ್ಮ ಮುಂದಿಟ್ಟಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗರೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ರೋಗಾಣು ಹೊತ್ತ ಉಣುಗು ಕಚ್ಚುವುದರಿಂದ ಬರುವ ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೆ ರೋಗಕ್ಕೆ ತುತ್ತಾದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಪ್ರತ್ಯೇಕ ಔಷಧಿ ಇಂದಿಗೂ ಇಲ್ಲ.

1990ರಿಂದ ಕರ್ನಾಟಕದಲ್ಲಿ ಇದರ ಲಸಿಕೆ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ನೋಯುತ್ತಿತ್ತು. ಅನೇಕರು ಅರ್ಧಕ್ಕೇ ಬಿಟ್ಟರು. 2005ರಿಂದ 2010ರವರೆಗಿನ ಅಂಕಿ ಅಂಶಗಳ ಅಧ್ಯಯನವೊಂದರ ಪ್ರಕಾರ ಎರಡು ಚುಚ್ಚುಮದ್ದು ಪಡೆದವರಿಗೆ ಸುಮಾರು ಶೇಕಡಾ 62, ಮೂರನೆಯದನ್ನೂ ಪಡೆದವರಿಗೆ ಸುಮಾರು 83ರಷ್ಟು ರಕ್ಷಣೆ ಸಿಕ್ಕಿತ್ತು. ಒಂದೇ ಚುಚ್ಚುಮದ್ದಿನಿಂದ ಪ್ರಯೋಜನ ಕಾಣಲಿಲ್ಲ. ಮುಂದೆ ಅದರ ಪರಿಣಾಮದ ಬಗ್ಗೆ ಸಂಶಯ ಹೆಚ್ಚಿತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಕೆಲಸ ನಡೆದಿದೆ.

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಮೊದಲನೆಯದು ಸಲಹೆಗಾರನದು. ‘ಹಾಕಿಸಿಕೊಳ್ಳಿ, ಇನ್ನು ಭಯವಿಲ್ಲ’ ಎಂದರೆ ಜನ ಬೇಗ ಒಪ್ಪಬಹುದು. ಆದರೆ ಚುಚ್ಚಿಸಿಕೊಂಡವನಿಗೂ ಜ್ವರ ಬಂದ ದಿನ ಇಡೀ ಊರಿನ ವಿಶ್ವಾಸ ಕುಸಿಯುತ್ತದೆ. ಸಲಹೆಯೆಂಬುದು ಅಮಾನತ್. ಒಳ್ಳೆಯ ಉದ್ದೇಶಕ್ಕಾಗಿಯೂ ಅದರಲ್ಲಿ ಉತ್ಪ್ರೇಕ್ಷೆ ಬೆರೆಸುವಂತಿಲ್ಲ.

ಎರಡನೆಯದು ಕೇಳುವವನ ತಪ್ಪು. ‘ಪೂರ್ಣ ಕಾಯದಿದ್ದರೆ ನಮಗೇಕೆ? ಬರುವುದಿದ್ದರೆ ಬಂದೇ ಬರುತ್ತದೆ’ ಎನ್ನುವವರಿದ್ದಾರೆ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದರೂ ಕಾಲು ನೆನೆಯುತ್ತದೆ. ಹಾಗೆಂದು ಯಾರಾದರೂ ಕೊಡೆಯನ್ನು ಎಸೆಯುತ್ತಾರೆಯೇ? ತವಕ್ಕುಲ್ ಎಂದರೆ ಕೈಲಾದುದನ್ನು ಮಾಡಿದ ಬಳಿಕ ಫಲವನ್ನು ಅಲ್ಲಾಹನಿಗೆ ಬಿಡುವುದು. ಏನೂ ಮಾಡದೆ ಕುಳಿತು ಅದಕ್ಕೆ ಆ ಹೆಸರು ಕೊಡುವುದು ಸರಿಯಲ್ಲ. ರೋಗ ಇತರರಿಗೆ ಹರಡದಿದ್ದರೂ ನಿಮ್ಮ ಜೀವ ನಿಮ್ಮೊಬ್ಬರದೇ ಅಲ್ಲ. ನಿಮ್ಮನ್ನು ನಂಬಿದ ಮಡದಿ, ಮಕ್ಕಳು, ವೃದ್ಧ ತಂದೆ ತಾಯಿಗೂ ಅದರಲ್ಲಿ ಹಕ್ಕಿದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಮತ್ತೊಂದಿದೆ. ರೋಗದ ಕಾಲವಾದ ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಬೇಡಿರೆಂದು ಹೇಳುವುದು ಸುಲಭ. ಆದರೆ ಕಾಡಿಗೆ ಹೋಗುವವರು ಯಾರು? ಸೌದೆ ತರುವವರು, ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವ ಹೆಂಗಸರು, ತೋಟದ ಕೂಲಿಗಳು. ಅವರ ಅನ್ನವೇ ಅಲ್ಲಿದೆ. ಬದಲಿ ದಾರಿ ತೋರಿಸದೆ ಬರೀ ಎಚ್ಚರಿಕೆ ನೀಡಿದರೆ ಹೊಣೆ ತೀರುತ್ತದೆಯೇ?

ನೀವು ತೋಟದ ಮಾಲೀಕರಾಗಿದ್ದರೆ ಕೂಲಿಯಾಳಿನ ಕೈಕಾಲಿಗೆ ಹಚ್ಚಲು ಉಣುಗು ನಿವಾರಕ ಎಣ್ಣೆ ಸಿಕ್ಕಿದೆಯೇ ಎಂದು ವಿಚಾರಿಸಿರಿ. ಸಂಜೆ ಬಿಸಿನೀರು, ಸಾಬೂನಿನಿಂದ ಮೈ ತೊಳೆಯಲು ಅನುಕೂಲ ಮಾಡಿಕೊಡಿರಿ. ಜ್ವರ ಬಂದರೆ ಕೂಲಿ ಕಡಿಯದೆ ಆಸ್ಪತ್ರೆಗೆ ಕಳುಹಿಸಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿರಿ. ಒಬ್ಬರು ತಿಳಿಸಿದರೆ ಇಡೀ ಊರು ಎಚ್ಚರಗೊಳ್ಳುತ್ತದೆ.

ನಾಳೆ ಹೊಸ ಲಸಿಕೆ ಬಂದಾಗಲೂ ಇದೇ ಪ್ರಶ್ನೆ ಏಳಲಿದೆ. ಆಗ ಅದರ ಗುಣವನ್ನೂ ಮಿತಿಯನ್ನೂ ಕೇಳಿ ತಿಳಿಯಿರಿ. ತಿಳಿದುದನ್ನು ನೆರೆಯವರಿಗೆ ಹೆಚ್ಚು ಕಡಿಮೆ ಮಾಡದೆ ಹೇಳಿರಿ. ಸಾಧ್ಯವಾದರೆ ಚುಚ್ಚುಮದ್ದಿನ ದಿನ ಅವರ ಜೊತೆ ನೀವೂ ಸರದಿಯಲ್ಲಿ ನಿಲ್ಲಿರಿ.